ಕೆಗ್‌ನಲ್ಲಿರುವ ಸ್ಟೌಟ್ ಬಾಟಲಿಗೆ ಇಳಿಸಬೇಕು, ದೀಪಾವಳಿವರೆಗೆ ಕೆಡದಿರಲು ಏನು ಮಾಡಲಿ?

ಬಸವನಗುಡಿಯಿಂದ ಪ್ರಶ್ನೆ: ಮನೆಯಲ್ಲಿ ಮಾಡಿದ ಸ್ಟೌಟ್, ಅಂದರೆ ಕಪ್ಪು ಬಿಯರ್, ಕೆಗ್‌ನಲ್ಲಿ (ಒತ್ತಡದಲ್ಲಿ ಬಿಯರ್ ಇಡುವ ಪೀಪಾಯಿ) 15 ಲೀಟರ್ ಉಳಿದಿದೆ. ಗ್ಯಾಸ್ (ಇಂಗಾಲದ ಡೈಆಕ್ಸೈಡ್) ಚೆನ್ನಾಗಿ ಹಿಡಿದಿದೆ. ತಮ್ಮ ದೀಪಾವಳಿಗೆ ಬರುತ್ತಾನೆ, ಅಲ್ಲಿವರೆಗೆ ಎಂಟು ತಿಂಗಳು ಇಡಬೇಕು. ಆದರೆ ನನಗೆ ಕೆಗ್ ಈಗಲೇ ಖಾಲಿ ಆಗಬೇಕು. ಹೋದ ಸಲ ನಲ್ಲಿಯಿಂದ ನೇರ ಬಾಟಲಿಗೆ ಬಿಟ್ಟೆ. ಅರ್ಧ ಬರೀ ನೊರೆ. ಎರಡು ತಿಂಗಳಿಗೆ ಒದ್ದೆ ರಟ್ಟು ಅಗಿದ ಹಾಗಿತ್ತು.

ಮಲ್ಲೇಶ್ವರದಿಂದ: ಆ ರಟ್ಟಿನ ರುಚಿ ಗಾಳಿಯ ಕೆಲಸ. ಆಮ್ಲಜನಕ ಒಳಗೆ ಸೇರಿತು ಅಂದರೆ ಮುಗೀತು. ನಾನು ಮಾಡುವುದು ಹೀಗೆ. ತೊಳೆದು ಸ್ಯಾನಿಟೈಸ್ ಮಾಡಿದ ಬಾಟಲಿಗಳನ್ನು ಫ್ರಿಜ್‌ನಲ್ಲಿಟ್ಟು ಬಿಯರಿನಷ್ಟೇ ತಣ್ಣಗೆ ಮಾಡಿಕೊಳ್ಳುತ್ತೇನೆ. ಬಾಟಲಿ ಬೆಚ್ಚಗಿದ್ದರೆ ನೊರೆ ಬರದೇ ಇನ್ನೇನು? ಕೆಗ್‌ನ ವಾಲ್ವ್ ಎಳೆದು ಒತ್ತಡ ಬಿಟ್ಟು, ಗ್ಯಾಸ್ 3-4 ಪಿಎಸ್‌ಐಗೆ (ಒತ್ತಡದ ಅಳತೆ) ಇಳಿಸುತ್ತೇನೆ. ನಲ್ಲಿ ಬಾಯಿಗೆ ಬಾಟಲಿಯ ತಳ ಮುಟ್ಟುವ ಕೊಳವೆ, ಅದರ ಮೇಲೆ ತೂತಿರುವ ರಬ್ಬರ್ ಬಿರಡೆ. ಮೊದಲು ಬಾಟಲಿಗೆ ಗ್ಯಾಸ್ ತುಂಬಿ ಗಾಳಿ ಓಡಿಸಿ. ಆಮೇಲೆ ಬಿಯರ್ ಬಿಡಿ. ಸ್ವಲ್ಪ ಬಂದು ತಾನೇ ನಿಲ್ಲುತ್ತದೆ. ಬಿರಡೆಯ ಅಂಚನ್ನು ಹೆಬ್ಬೆರಳಲ್ಲಿ ಒಂಚೂರು ಎತ್ತಿದರೆ ಸುಂಯ್ ಅಂತ ಗ್ಯಾಸ್ ಹೋಗಿ ಬಿಯರ್ ನಿಧಾನಕ್ಕೆ ಏರುತ್ತದೆ. ಅವಸರ ಮಾಡಿದರೆ ನೆಲ ಒರೆಸಬೇಕಾಗುತ್ತದೆ. ಬಾಯಿ ತನಕ ತುಂಬಿಸಿ ಕೊಳವೆ ತೆಗೆದರೆ ಬೇಕಾದಷ್ಟು ಜಾಗ ಉಳಿಯುತ್ತದೆ. ನೊರೆ ಇಲ್ಲದಿದ್ದರೆ ಚಮಚದಲ್ಲಿ ಬಾಟಲಿಗೆ ಮೆಲ್ಲಗೆ ತಟ್ಟಿ. ನೊರೆ ಗಾಳಿಯನ್ನು ತಳ್ಳಿಕೊಂಡು ಬಾಯಿಗೆ ಬಂದ ಕ್ಷಣ ಮುಚ್ಚಳ ಒತ್ತಿಬಿಡಿ.

ವಿಜಯನಗರದಿಂದ: ಮೇಲಿನವರು ಹೇಳಿದ್ದು ಸರಿ. ತುಂಬಿಸುವಾಗ ಸ್ವಲ್ಪ ಗ್ಯಾಸ್ ಹೋಗೇ ಹೋಗುತ್ತದೆ. ಹಾಗಾಗಿ ಎರಡು ದಿನ ಮುಂಚೆಯೇ ಕೆಗ್‌ಗೆ ಒಂದೆರಡು ಪಿಎಸ್‌ಐ ಜಾಸ್ತಿ ಕೊಟ್ಟಿಡಿ. ಬಾಟಲಿಗೆ ಸುಮ್ನೆ ದುಡ್ಡು ಹಾಕಬೇಡಿ. ಗುಜರಿ ಅಂಗಡಿಯಲ್ಲಿ ಕಂದು ಬಣ್ಣದ 650 ಎಂಎಲ್ ಬಾಟಲಿ ಸಿಗುತ್ತವೆ. ಬಾಯಿ ಸುತ್ತ ಬೆರಳಾಡಿಸಿ ನೋಡಿ, ಚೂರು ಒಡೆದಿದ್ದರೂ ಬೇಡ. ಹಸಿರು ಬಾಟಲಿಯೂ ಬೇಡ, ಬೆಳಕು ಬಿದ್ದು ನಾತ ಬರುತ್ತದೆ.

ಯಲಹಂಕದಿಂದ: ನಾನಾಗಿದ್ದರೆ ಇಷ್ಟು ದಿನ ಇಡುವುದನ್ನು ಕೆಗ್‌ಗೇ ಹಾಕುತ್ತಿರಲಿಲ್ಲ. ಗ್ಯಾಸ್ ಇಲ್ಲದ ಬಿಯರಿಗೆ ಲೀಟರಿಗೆ 6 ಗ್ರಾಂ ಸಕ್ಕರೆ ಹಾಕಿ ಬಾಟಲಿ ಮುಚ್ಚಿದರೆ ಯೀಸ್ಟೇ ಗ್ಯಾಸ್ ಮಾಡುತ್ತದೆ, ಒಳಗಿನ ಆಮ್ಲಜನಕವನ್ನೂ ಸಾಕಷ್ಟು ತಿಂದುಬಿಡುತ್ತದೆ. ಆದರೆ ಗುರೂ, ನಿಮ್ಮದಕ್ಕೆ ಸಕ್ಕರೆ ಮುಟ್ಟಿಸಬೇಡಿ! ಗ್ಯಾಸ್ ಹಿಡಿದ ಬಿಯರಿಗೆ ನಾನೊಮ್ಮೆ ಹಾಕಿದ್ದೆ. ಏಪ್ರಿಲ್ ರಾತ್ರಿ ಮೆಟ್ಟಿಲ ಕೆಳಗೆ ಎರಡು ಬಾಟಲಿ ಸಿಡಿದವು. ಪಕ್ಕದ ಮನೆಯವರು ಟ್ರಾನ್ಸ್‌ಫಾರ್ಮರ್ ಹೋಯ್ತು ಅಂತ ಟಾರ್ಚ್ ಹಿಡಿದು ಬಂದರು. ಉಳಿದವನ್ನು ದಪ್ಪ ಟವೆಲ್ ಸುತ್ತಿ, ಕನ್ನಡಕ ಹಾಕಿಕೊಂಡು ತೆಗೆದೆ.

ರಾಜರಾಜೇಶ್ವರಿ ನಗರದಿಂದ: ಅಟ್ಟದ ಮೇಲೆ ಮಾತ್ರ ಇಡಬೇಡಿ. ಬೇಸಿಗೆಯಲ್ಲಿ ಅಲ್ಲಿ ಒಲೆ ಪಕ್ಕ ಇಟ್ಟ ಹಾಗೇ. ಫ್ರಿಜ್ ಆದರೆ ಒಳ್ಳೆಯದು, ಇಲ್ಲದಿದ್ದರೆ ನೆಲಮಹಡಿಯ ಕತ್ತಲೆ ಮೂಲೆ. ನಿಲ್ಲಿಸಿಯೇ ಇಡಿ. ಸ್ಟೌಟ್ ಆದ್ದರಿಂದ ಆಸೆ ಇದೆ. ಐಪಿಎ (ಘಮಕ್ಕೇ ಹೆಸರಾದ ಬಿಯರ್) ಆಗಿದ್ದರೆ ಈಗಲೇ ಕುಡಿದು ಮುಗಿಸಿ ಅನ್ನುತ್ತಿದ್ದೆ, ಅದರ ಘಮ ಕಾಯುವುದಿಲ್ಲ ಅಲ್ವಾ.

ಬಸವನಗುಡಿಯಿಂದ ಮತ್ತೆ: ನಿನ್ನೆ ಕೂತು ತುಂಬಿಸಿದೆ. ಮೊದಲೆರಡು ನೊರೆ ಉಕ್ಕಿ ಹಾಳು, ಮೂರನೆಯದಕ್ಕೆ ಹೆಬ್ಬೆರಳಿಗೆ ಹದ ಸಿಕ್ಕಿತು. 20 ಬಾಟಲಿ ಆದವು, ಮುಚ್ಚಳದ ಮೇಲೆ ತಾರೀಕು ಬರೆದಿದ್ದೇನೆ. ಎರಡು ತಿಂಗಳಿಗೆ ಒಂದು ತೆಗೆದು ನೋಡಿ ಇಲ್ಲೇ ತಿಳಿಸುತ್ತೇನೆ. ಕೊನೆಯದು ಅರ್ಧವೇ ತುಂಬಿತ್ತು, ಅದಕ್ಕೆ ಮುಚ್ಚಳ ಹಾಕಲಿಲ್ಲ.