ರೀಫ್ ಟ್ಯಾಂಕ್‌ನಲ್ಲಿ ನೈಟ್ರೇಟ್ 50, ಇಳಿಯುತ್ತಲೇ ಇಲ್ಲ

ಉಪ್ಪುನೀರು:
200 ಲೀಟರ್ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ), ಎರಡು ಕ್ಲೌನ್ ಮೀನು, ಒಂದು ಯೆಲ್ಲೋ ಟ್ಯಾಂಗ್. ಮೀನಿನ ಕಸ, ಊಟದಿಂದ ಸೇರುವ ನೈಟ್ರೇಟ್ 50 ಪಿಪಿಎಂ, ಫಾಸ್ಫೇಟ್ 0.4. ಕಲ್ಲಿನ ಮೇಲೆಲ್ಲ ಕೂದಲು ಪಾಚಿ. ವಾರಕ್ಕೆ 10% ನೀರು ಬದಲಿಸುತ್ತೇನೆ, ಅಡುಗೆಮನೆ ಆರ್‌ಒ ನೀರು. ಸ್ಕಿಮ್ಮರ್ (ನೊರೆ ಎಬ್ಬಿಸಿ ಕಸ ತೆಗೆಯುವ ಸಾಧನ) ಕಪ್‌ಗೆ ಬರೀ ತೆಳು ಟೀ ಬಣ್ಣದ ನೀರು ಬೀಳುತ್ತದೆ. ಏನು ಮಾಡಲಿ?

ಪಾಚಿಪ್ರಿಯ:
10% ಬದಲಿಸಿದರೆ 50 ಇದ್ದದ್ದು 45 ಆಗುತ್ತದೆ, ಅಷ್ಟೇ. ವಾರದೊಳಗೆ ಮೀನು ಅದನ್ನು ಮತ್ತೆ ತುಂಬಿಸುತ್ತದೆ. ಅಡುಗೆಮನೆ ಆರ್‌ಒ ನೀರಿನ ಟಿಡಿಎಸ್ (ಕರಗಿದ ಲವಣ ಇತ್ಯಾದಿಗಳ ಒಟ್ಟು ಪ್ರಮಾಣ) ನೋಡಿದ್ದೀರಾ? ಕೆಲವು ಮೆಷಿನ್ ರುಚಿಗೆ ಅಂತ ಸ್ವಲ್ಪ ಶುದ್ಧ ಮಾಡದ ನೀರನ್ನೇ ಬೆರೆಸುತ್ತವೆ. ಉಳಿದ ಲವಣವನ್ನೂ ಹಿಡಿಯುವ ಡಿಐ ಕಾರ್ಟ್ರಿಡ್ಜ್ ಹಾಕಿ ಟಿಡಿಎಸ್ ಸೊನ್ನೆಗೆ ತನ್ನಿ.

ಹಳೇ ಸ್ಕಿಮ್ಮರ್:
ನನ್ನ ಅನುಮಾನ ಊಟದ ಮೇಲೆ. ಫ್ರೋಜನ್ ಮೈಸಿಸ್ (ಪುಟ್ಟ ಸಿಗಡಿಯಂಥ ಮೀನಿನ ಆಹಾರ) ಕರಗಿದ ನೀರನ್ನೂ ಟ್ಯಾಂಕ್‌ಗೆ ಸುರೀತೀರಾ? ಜರಡಿಯಲ್ಲಿ ತೊಳೆದು ಹಾಕಿ. ಫಿಲ್ಟರ್ ಸಾಕ್ಸ್ (ಕಸ ಸೋಸುವ ಬಟ್ಟೆಯ ಚೀಲ) ಮೂರು ದಿನಕ್ಕೊಮ್ಮೆ ತೆಗೆದು ತೊಳೆಯಿರಿ. ಅದರಲ್ಲಿ ಸಿಕ್ಕ ಕಸ ಅಲ್ಲೇ ಕೊಳೆತರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಸ್ಕಿಮ್ಮರ್ ಕಪ್‌ನ ಕುತ್ತಿಗೆ ಒರೆಸಿ, ಜಿಡ್ಡು ಹಿಡಿದರೆ ನೊರೆ ಮೇಲೇರುವುದಿಲ್ಲ. ಒಳಗಿನ ನೀರಿನ ಮಟ್ಟ ಸ್ವಲ್ಪ ಇಳಿಸಿದರೆ ಗಟ್ಟಿ, ಕಪ್ಪು ಕಸ ಬರುತ್ತದೆ. ನಾರುತ್ತದೆ, ಆದರೆ ಅದೇ ಬೇಕಾದ್ದು.

ಇನ್ನೊಂದು, ಟ್ಯಾಂಕ್‌ನ ನೈಟ್ರೇಟ್, ಫಾಸ್ಫೇಟ್ ಎಲ್ಲ ಒಂದೇ ಸಲ ಸೊನ್ನೆಗೆ ಇಳಿಸಬೇಡಿ. ಪಾಚಿ ಹೋಗಿ ಡೈನೋ (ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಲೋಳೆ) ಬರಬಹುದು, ಅದು ಇನ್ನೂ ದೊಡ್ಡ ತಲೆನೋವು. ನೈಟ್ರೇಟ್ 5–10 ಇರಲಿ ಬಿಡಿ. ಟ್ಯಾಂಗ್‌ಗೆ 200 ಲೀಟರ್ ಚಿಕ್ಕದಾಯಿತು ಅಲ್ವಾ?

ಉಪ್ಪುನೀರು:
ಟಿಡಿಎಸ್ 68 ತೋರಿಸಿತು! ಡಿಐ ತರಿಸುತ್ತೇನೆ. ಟ್ಯಾಂಗ್ ವಿಷಯ ಮನೆಯಲ್ಲಿ ಮಾತಾಡಬೇಕು, ಮಗಳು ಬಿಡುವುದಿಲ್ಲ.