ಸಹಾಯ ಬೇಕು: ಎಡ್ವರ್ಡ್ ಬೇಕರ್ ಸತ್ತ ಯುದ್ಧದ ಮೂಲ ದಾಖಲೆಗಳು

ಎಲ್ಲರಿಗೂ ನಮಸ್ಕಾರ. ಲಿಂಕನ್ ಅವರ ಆಪ್ತ ಗೆಳೆಯ ಎಡ್ವರ್ಡ್ ಬೇಕರ್ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. 1811ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬೇಕರ್, ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಕೀಲರಾಗಿದ್ದರು. ಲಿಂಕನ್ ತಮ್ಮ ಎರಡನೆಯ ಮಗನಿಗೆ ಇವರ ಹೆಸರನ್ನೇ ಇಟ್ಟರು. ಮೆಕ್ಸಿಕೋ ಯುದ್ಧದಲ್ಲಿ ಕರ್ನಲ್, ಬಳಿಕ ಕ್ಯಾಲಿಫೋರ್ನಿಯಾದಲ್ಲಿ ಹೆಸರಾಂತ ವಾಗ್ಮಿ, 1860ರಲ್ಲಿ ಆರೆಗಾನ್‌ನ ಸೆನೆಟರ್. ಅಮೆರಿಕದ ಅಂತರ್ಯುದ್ಧದಲ್ಲಿ, 1861ರ ಅಕ್ಟೋಬರ್ 21ರಂದು, ಉತ್ತರದ (ಯೂನಿಯನ್) ಪಡೆ ಸೋತ ವರ್ಜೀನಿಯಾದ ಬಾಲ್ಸ್ ಬ್ಲಫ್ ಕದನದಲ್ಲಿ ಆ ಪಡೆಯ ಪರ ಹೋರಾಡುತ್ತಾ ಗುಂಡಿಗೆ ಬಲಿಯಾದರು. ಹುದ್ದೆಯಲ್ಲಿರುವಾಗಲೇ ರಣರಂಗದಲ್ಲಿ ಮಡಿದ ಅಮೆರಿಕದ ಏಕೈಕ ಸೆನೆಟರ್ ಅವರು.

ನನ್ನನ್ನು ಕಾಡುತ್ತಿರುವುದು ಆ ಸೋಲಿನ ಹೊಣೆ. ಸಾಕಷ್ಟು ದೋಣಿಗಳಿಲ್ಲದೆ ಸೈನಿಕರನ್ನು ಪೊಟೊಮ್ಯಾಕ್ ನದಿ ದಾಟಿಸಿದ್ದು ಬೇಕರ್. ಮುಂದುವರಿಯುವುದೋ ಹಿಂದಿರುಗುವುದೋ ಎಂಬ ತೀರ್ಮಾನವನ್ನು ಅವರ ಮೇಲಧಿಕಾರಿ ಜನರಲ್ ಚಾರ್ಲ್ಸ್ ಸ್ಟೋನ್ ಬೇಕರ್‌ಗೇ ಬಿಟ್ಟಿದ್ದರು. ಆದರೂ ಸೆರೆಮನೆ ಸೇರಿದ್ದು ಸ್ಟೋನ್, ಅದೂ ಯಾವ ಆರೋಪಪಟ್ಟಿಯೂ ಇಲ್ಲದೆ! ಇದು ಘೋರ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಬೇಕರ್ ಮೇಲೆ ಎಷ್ಟೇ ಅಭಿಮಾನವಿದ್ದರೂ ಇದನ್ನು ಮುಚ್ಚಿಟ್ಟು ಬರೆಯಲಾರೆ.

ಸ್ಟೋನ್ ಬೇಕರ್‌ಗೆ ಕಳುಹಿಸಿದ ಲಿಖಿತ ಆದೇಶ ಮತ್ತು ಈ ಸೋಲಿನ ವಿಚಾರಣೆ ನಡೆಸಿದ ಅಮೆರಿಕ ಕಾಂಗ್ರೆಸ್ಸಿನ (ಸಂಸತ್ತಿನ) ಜಂಟಿ ಸಮಿತಿಯ ಮುಂದೆ ಸಾಕ್ಷಿಗಳು ನೀಡಿದ ಹೇಳಿಕೆಗಳ ಸ್ಪಷ್ಟ ಸ್ಕ್ಯಾನ್ ಪ್ರತಿ ಯಾರಲ್ಲಾದರೂ ಇದೆಯೇ? ಪುಟಸಂಖ್ಯೆ ತಿಳಿಸಿದರೂ ಸಾಕು. ಬಾಲ್ಸ್ ಬ್ಲಫ್ ಹತ್ತಿರದ ಲೀಸ್‌ಬರ್ಗ್ ಊರಿನ ಸುತ್ತಮುತ್ತ ವಾಸಿಸುವವರು ಯಾರಾದರೂ ಇದ್ದರೆ, ರಣರಂಗದಲ್ಲಿರುವ ರಾಷ್ಟ್ರೀಯ ಸ್ಮಶಾನದ ಬಳಿಯಿರುವ ಬೇಕರ್ ಸ್ಮಾರಕಶಿಲೆಯ ಚಿತ್ರವೊಂದನ್ನು ತೆಗೆದು ಕಳುಹಿಸುವಿರಾ? ಲೇಖನದಲ್ಲಿ ಬಳಸಲು ನಿಮ್ಮ ಒಪ್ಪಿಗೆಯೂ ಬೇಕು. ಚಿತ್ರದ ಕೆಳಗೆ ನಿಮ್ಮ ಹೆಸರನ್ನು ಹಾಕುತ್ತೇನೆ.