ಮರಳಗಾಲದ ಲಿಥಿಯಂ, ನೆವಾಡಾದ ಹತ್ತು ಎಕರೆ ಹೂ: ಅಪರೂಪದ ಗಿಡ ಕಿತ್ತು ಬೇರೆಡೆ ನೆಡಬಹುದೇ?

ಕರಿಘಟ್ಟ_ಕೆಳಗೆ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣದ ಬಂಡೆಯಲ್ಲಿ 1,600 ಟನ್ ಲಿಥಿಯಂ ಇದೆ ಅನ್ನೋ ಅಂದಾಜು 2021ರಲ್ಲೇ ಬಂತು. ಅಮೆರಿಕದ ನೆವಾಡಾದಲ್ಲೂ ಲಿಥಿಯಂ ಗುಡ್ಡ ಒಂದಿದೆ. ಅದರ ಮೇಲೆ ಟೀಮ್ಸ್ ಬಕ್‌ವೀಟ್ ಅನ್ನೋ ಮರುಭೂಮಿ ಹೂಗಿಡ, ಇಡೀ ಪ್ರಪಂಚದಲ್ಲಿ ಅದಕ್ಕಿರೋದು ಸುಮಾರು ಹತ್ತು ಎಕರೆ ಜಾಗ. ಅಲ್ಲಿ ಗಣಿ ಬಂದರೆ ಅದನ್ನ ಕಿತ್ತು ಬೇರೆ ಕಡೆ ನೆಟ್ಟು ಉಳಿಸೋಕೆ ಆಗಲ್ವಾ? ನಮ್ಮ ಬಂಡೆಗಳ ಮೇಲೂ ಅಂಥ ಗಿಡ ಇದೆಯಾ ಅಂತ ಊರಿನವರೇ ನೋಡೋದಾದ್ರೆ ಎಲ್ಲಿಂದ ಶುರು ಮಾಡಬೇಕು?

ಮಣ್ಣು_ಬೇರು:
ಮೊದಲ ಪ್ರಶ್ನೆಗೆ ಉತ್ತರ: ಆಗಲ್ಲ, ಕನಿಷ್ಠ ಅದನ್ನೇ ನಂಬಿ ಮೂಲ ಜಾಗ ಬಿಟ್ಟುಕೊಡುವಷ್ಟು ಖಂಡಿತ ಆಗಲ್ಲ.

ಟೀಮ್ಸ್ ಬಕ್‌ವೀಟ್ (ಸಸ್ಯಶಾಸ್ತ್ರದ ಹೆಸರು ಎರಿಯೋಗೊನಮ್ ಟೀಮಿಯೈ) 1983ರಲ್ಲಿ ಕಣ್ಣಿಗೆ ಬಿದ್ದು, 1985ರಲ್ಲಿ ಹೆಸರು ಪಡೆದ ಗಿಡ. ನೆಲಕ್ಕೆ ಅಂಟಿದ ಬೂದು-ನೀಲಿ ಎಲೆಗಳ ಗುಪ್ಪೆ, ಅದರಿಂದ ಎದ್ದ ಬರಿಯ ಕಡ್ಡಿಯ ತುದಿಯಲ್ಲಿ ತಿಳಿಹಳದಿ ಹೂಗುಂಡು. ಮೇ, ಜೂನ್‌ನಲ್ಲಿ ಹೂ ಬಿಟ್ಟು, ಹಳತಾದಂತೆ ಕೆಂಪಾಗುತ್ತೆ. ಬೋರಾನ್, ಲಿಥಿಯಂ ಹೆಚ್ಚಿರುವ, ಬೇರೆ ಗಿಡ ಅಷ್ಟಾಗಿ ಬಾರದ ಜೇಡಿಯೇ ಅದಕ್ಕೆ ಬೇಕು. ಸುತ್ತಲಿನ ಮಣ್ಣನ್ನೂ ತಂದು ಗಾಜಿನಮನೆಯಲ್ಲಿ ಬೆಳೆಸಿ ನೋಡಿದ್ದಾರೆ, ಗಿಡ ಚೆನ್ನಾಗಿ ಬಂದದ್ದು ತನ್ನ ಮಣ್ಣಲ್ಲೇ. ಬಯಲಲ್ಲಿ ನೆಟ್ಟ ಸಸಿಗಳನ್ನು ಇಲಿ, ಅಳಿಲು ಮುಗಿಸಿದವು.

2020ರ ಬೇಸಿಗೆಯ ಕೊನೆಗೆ ಇನ್ನೊಂದು ಪೆಟ್ಟು. 17,000ಕ್ಕೂ ಹೆಚ್ಚು ಗಿಡಗಳು ಬುಡಮೇಲಾಗಿದ್ದವು. ಯಾರೋ ಅಗೆದಿದ್ದಾರೆ ಅನ್ನೋ ಅನುಮಾನವೇ ಮೊದಲು ಬಂದದ್ದು. ಕಚ್ಚಿದ ಬೇರಿನ ಮೇಲಿದ್ದ ಡಿಎನ್‌ಎ ಪರೀಕ್ಷಿಸಿದಾಗ ನೆಲದ ಅಳಿಲು ಅಂತ ಗೊತ್ತಾಯ್ತು, ಬರಗಾಲದಲ್ಲಿ ನೀರಿನಂಶಕ್ಕಾಗಿ ಬೇರಿಗೇ ಬಾಯಿ ಹಾಕಿದ್ದವು. ಇಷ್ಟು ಚಿಕ್ಕ ಜಾಗಕ್ಕೆ ಕಟ್ಟುಬಿದ್ದ ಗಿಡ ಒಂದೇ ಋತುವಿನಲ್ಲಿ ಅರ್ಧಕ್ಕಿಳಿಯಬಹುದು. ಅದರ ಮೇಲೆ ಗಣಿಯೂ ಬಂದರೆ ಚೇತರಿಸಿಕೊಳ್ಳಲು ಜಾಗವೇ ಇರಲ್ಲ.

ಗಮನಿಸಬೇಕಾದ ಲೆಕ್ಕ: 2022ರ ಡಿಸೆಂಬರ್‌ನಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವಾಗ, ಗಿಡ ಇರುವ ಹತ್ತು ಎಕರೆಗೆ 910 ಎಕರೆಯನ್ನು ಅಗತ್ಯ ನೆಲೆ ಅಂತ ಅಮೆರಿಕ ಸರ್ಕಾರ ಗುರುತಿಸಿತು. ಅಂದರೆ ಗಿಡದಿಂದ ಎಲ್ಲ ಕಡೆಗೂ ಸುಮಾರು 500 ಮೀಟರ್ ದೂರದವರೆಗಿನ ಸುತ್ತು. ಪರಾಗ ಒಯ್ಯುವ ಜೇನು, ಕಣಜ, ಜೀರುಂಡೆ, ನೊಣ ಬದುಕೋದು ಆ ಸುತ್ತಿನಲ್ಲೇ. ಗಿಡದ ಸುತ್ತ ಬರೀ ಬೇಲಿ ಹಾಕಿದರೆ ಹೂ ಇರುತ್ತೆ, ಕಾಳು ಸರಿಯಾಗಿ ಕಟ್ಟಲ್ಲ. ಇಷ್ಟಾದರೂ 2024ರ ಅಕ್ಟೋಬರ್‌ನಲ್ಲಿ ಗಣಿಗೆ ಅನುಮತಿ ಸಿಕ್ಕಿತು. ನನಗೆ ಅದು ಒಪ್ಪಿಗೆಯಿಲ್ಲ.

ಕುಂತಿಬೆಟ್ಟ_ಹಾದಿ:
ಎರಡನೇ ಪ್ರಶ್ನೆಗೆ. ಮೊದಲೇ ಒಂದು ಮಾತು: ನೆವಾಡಾದ ಲಿಥಿಯಂ ಇರೋದು ಜೇಡಿ ಬೆರೆತ ಪದರಗಲ್ಲಿನಲ್ಲಿ, ನಮ್ಮದು ಪೆಗ್ಮಟೈಟ್ ಅನ್ನೋ ಗಟ್ಟಿ ಬಂಡೆಯಲ್ಲಿ. ಹಾಗಾಗಿ ಇಲ್ಲಿ ‘ಲಿಥಿಯಂ ಹೂ’ ಹುಡುಕಿ ಪ್ರಯೋಜನವಿಲ್ಲ. ನಮ್ಮಲ್ಲಿ ಗಿಡವನ್ನು ಒಂದೆಡೆ ಕಟ್ಟಿಹಾಕೋದು ಹಾಸುಬಂಡೆಯ ಮೇಲಿನ ಎರಡು-ಮೂರು ಇಂಚು ಮಣ್ಣು, ಸೀಳು, ಮಳೆಗಾಲದಲ್ಲಿ ಮಾತ್ರ ಜಿನುಗುವ ನೀರು. ಕೀಟ ಹಿಡಿದು ತಿನ್ನುವ ಡ್ರಾಸೆರ, ಯುಟ್ರಿಕ್ಯುಲೇರಿಯ, ರಸಭರಿತ ಕಾಂಡದ ಕ್ಯಾರಲ್ಲೂಮ, ಗೆಡ್ಡೆಯಿಂದ ಬರುವ ಸಿರೋಪೀಜಿಯ ಬಳ್ಳಿ, ಇವೆಲ್ಲ ಇಂಥ ಜಾಗದ ಗುಂಪುಗಳು. ಪೊದೆಯ ಬುಡದಲ್ಲಿ ಹಬ್ಬಿದ ಸಿರೋಪೀಜಿಯ ಹೂ ಬಿಡದಿದ್ದರೆ ಪಕ್ಕದಲ್ಲಿ ನಿಂತರೂ ಕಾಣಲ್ಲ.

ಒಂದೇ ಸಲ ಹೋಗಿ ‘ಏನೂ ಇಲ್ಲ’ ಅಂತ ಬರೆಯೋದೇ ಇಂಥ ಸರ್ವೆಗಳ ದೊಡ್ಡ ದೋಷ. ಗೆಡ್ಡೆ ಗಿಡಗಳು ಮೇಲೆ ಕಾಣೋದು ಕೆಲವೇ ವಾರ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಒಮ್ಮೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಒಮ್ಮೆ, ಹಿಂಗಾರು ಮುಗಿಯುವಾಗ ಒಮ್ಮೆ ನೋಡಿ. ಬರದ ವರ್ಷ ಸಿಗದಿದ್ದರೆ ಅದನ್ನು ‘ಇಲ್ಲ’ ಅನ್ನಬೇಡಿ, ಮುಂದಿನ ವರ್ಷ ಮತ್ತೆ ನೋಡಿ.

ಎಣಿಕೆಗೆ ಮೊಬೈಲ್ ಜಿಪಿಎಸ್ ನೆಚ್ಚಬೇಡಿ, ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತೆ. ಎರಡು ಗೂಟದ ನಡುವೆ ಹಗ್ಗ ಕಟ್ಟಿ, ಹಗ್ಗದ ಎರಡೂ ಬದಿ ಒಂದೊಂದು ಮೀಟರ್ ಮಾತ್ರ ನೋಡುತ್ತಾ ನಡೆಯಿರಿ. ಗಿಡ ಸಿಕ್ಕ ಕಡೆ 1×1 ಮೀಟರ್ ಚೌಕ ಹಾಕಿ, ಮೂಲೆಗಳಿಗೆ ಬಂಡೆಯ ಮೇಲೆ ಪೇಂಟ್ ಚುಕ್ಕೆ ಇಡಿ, ಮುಂದಿನ ವರ್ಷ ಅದೇ ಚೌಕವನ್ನೇ ಎಣಿಸಬೇಕು. ಹೂ ಬಿಟ್ಟದ್ದು, ಬಿಡದ್ದು, ಎಳೆ ಸಸಿ, ಮೂರನ್ನೂ ಬೇರೆ ಬೇರೆ ಬರೆಯಿರಿ. ದೊಡ್ಡ ಗಿಡ ನೂರಿದ್ದು ಸಸಿ ಒಂದೂ ಇಲ್ಲ ಅಂದ್ರೆ ಆ ಜಾಗಕ್ಕೆ ಮುಪ್ಪು ಬಂದಿದೆ ಅಂತ. ಆಗ ಮೇಕೆ ಮೇವು, ಸುತ್ತ ಹಬ್ಬಿದ ಲಂಟಾನ, ಕಾಂಗ್ರೆಸ್ ಗಿಡ ಇವನ್ನೆಲ್ಲ ಪರೀಕ್ಷಿಸಬೇಕು. ಒದ್ದೆ ಬಂಡೆಯ ಪಾಚಿಪದರ ತುಳಿಯಬೇಡಿ. ಸಸಿ ಮೊಳೆಯೋದೇ ಅದರ ಮೇಲೆ.

ಗುರುತಿಸಲು ಹೂವಿರುವ ಒಂದು ಕೊಂಬೆ ಸಾಕು. ಇಪ್ಪತ್ತಕ್ಕಿಂತ ಕಡಿಮೆ ಗಿಡ ಇದ್ದರೆ ಏನೂ ಕೀಳದೆ ಫೋಟೋ ಮಾತ್ರ: ಹೂವಿನ ಮುಂಭಾಗ, ಪಕ್ಕ, ಎಲೆಯ ಹಿಂಬದಿ, ಬುಡ, ಪಕ್ಕದಲ್ಲಿ ಸ್ಕೇಲ್. ರಸಭರಿತ ಕಾಂಡವನ್ನು ಕುದಿನೀರಲ್ಲಿ ಕೆಲವು ಕ್ಷಣ ಅದ್ದಿ ಆಮೇಲೆ ಪೇಪರ್ ನಡುವೆ ಒತ್ತಿ. ಇಲ್ಲದಿದ್ದರೆ ಒತ್ತಿಟ್ಟಲ್ಲೇ ಚಿಗುರುತ್ತೆ ಇಲ್ಲ ಕೊಳೆಯುತ್ತೆ. ಮೊದಲ ಮೂರು-ನಾಲ್ಕು ದಿನ ಪೇಪರ್ ದಿನವೂ ಬದಲಿಸಿ. ಮೈಸೂರು ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಕೇಳಿನೋಡಿ.

ಕರಿಘಟ್ಟ_ಕೆಳಗೆ:
ತುಂಬಾ ಉಪಕಾರ ಆಯ್ತು. ಸುರಕ್ಷಿತವಾಗಿರಲಿ ಅಂತ ಬೀಜ ತಂದಿಟ್ಟುಕೊಳ್ಳಬಹುದಾ? ಸಿಕ್ಕಿದ ಜಾಗದ ಫೋಟೋ ಇಲ್ಲೇ ಹಾಕ್ಲಾ?

ಬೀಜ_ಡಬ್ಬಿ:
ಜಾಗ ಹಾಕಲೇಬೇಡಿ. ಸಿರೋಪೀಜಿಯ ಗೆಡ್ಡೆಗೆ, ಕ್ಯಾರಲ್ಲೂಮಕ್ಕೆ ಕುಂಡದಲ್ಲಿ ಬೆಳೆಸುವವರಿಂದ ಬೇಡಿಕೆ ಇದೆ. ಅಪ್‌ಲೋಡ್ ಮಾಡೋಕೆ ಮುಂಚೆ ಫೋಟೋದೊಳಗಿನ ಲೊಕೇಶನ್ ತೆಗೆಯಿರಿ, ತಾಲ್ಲೂಕಿನ ಹೆಸರು ಸಾಕು.

ಬೀಜ ವಿಮೆ ಇದ್ದ ಹಾಗೆ, ಜಾಗಕ್ಕೆ ಬದಲಿ ಅಲ್ಲ. ಜಮೀನಿನ ಒಡೆಯರದ್ದೋ ಅರಣ್ಯ ಇಲಾಖೆಯದ್ದೋ ಅನುಮತಿ ಮೊದಲು. ಆ ದಿನ ಬಲಿತ ಬೀಜದಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ, ಸಾಧ್ಯವಿದ್ದಷ್ಟು ಹೆಚ್ಚು ತಾಯಿಗಿಡಗಳಿಂದ ಸ್ವಲ್ಪಸ್ವಲ್ಪ ತೆಗೆದು ಒಂದೊಂದರದ್ದೂ ಬೇರೆ ಕಾಗದದ ಕವರಿಗೆ ಹಾಕಿ. ಪ್ಲಾಸ್ಟಿಕ್‌ನಲ್ಲಿ ಹಾಕಿದರೆ ಬೂಸ್ಟು ಹಿಡಿಯೋದು ಗ್ಯಾರಂಟಿ. ಕೀಳುವ ಮೊದಲು ನಾಲ್ಕೈದು ಬೀಜ ಬ್ಲೇಡಲ್ಲಿ ಸೀಳಿ: ಒಳಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಬಲಿತಿದೆ, ಹಾಲಿನಂತೆ ಜಿನುಗಿದರೆ ಎಳಸು, ಟೊಳ್ಳಾದರೆ ಪರಾಗ ಸೇರಿಲ್ಲ. ಟೊಳ್ಳೇ ಹೆಚ್ಚಿದ್ದರೆ ಪರಾಗ ಒಯ್ಯುವ ಕೀಟಗಳ ಕಡೆ ಏನೋ ಎಡವಟ್ಟಾಗಿರಬಹುದು ಅಂತ ತಿಳಿಯಿರಿ. ಬಿಸಿಲಿಗೆ ಹಾಕದೆ ನೆರಳಲ್ಲಿ ಒಣಗಿಸಿ, ಬೀಜದ ತೂಕದಷ್ಟೇ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಬಾಟ್ಲಿಯಲ್ಲಿಡಿ. ಮೈನಸ್ 20 ಡಿಗ್ರಿಯ ದೀರ್ಘಕಾಲದ ಸಂಗ್ರಹ ಬೀಜಬ್ಯಾಂಕಿನ ಕೆಲಸ.

ಪಂಚಾಯ್ತಿ_ಕಡತ:
ಕಾಗದದ ಕೆಲಸ ಈಗಲೇ ಆಗಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ನಿರ್ಣಾಯಕ ಖನಿಜಗಳ ಗಣಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಕೊಟ್ಟಿದೆ, ಲಿಥಿಯಂ ಆ ಪಟ್ಟಿಯಲ್ಲಿದೆ. ಅಹವಾಲಿನ ದಿನ ಹೇಳ್ತೀವಿ ಅಂತ ಕಾದರೆ ಆ ದಿನವೇ ಬರದೆ ಇರಬಹುದು. ಗ್ರಾಮ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಎಣಿಕೆ ಪಟ್ಟಿ, ದಿನಾಂಕ, ಗುರುತಿಸಿದವರ ಸಹಿ ಸಮೇತ ಅರ್ಜಿ ಕೊಟ್ಟು, ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಲು ಕೇಳಿ. ನಿಖರ ಜಾಗವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಬೇರೆಯಾಗಿ ಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ. ಗಿಡ ನಿಜಕ್ಕೂ ಅಪರೂಪದ್ದಾದರೆ 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಂ ಅಡಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಲು ರಾಜ್ಯ ಜೀವವೈವಿಧ್ಯ ಮಂಡಳಿಗೆ ಬರೆಯಬಹುದು. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪಿಗೆ 2007ರಲ್ಲಿ ಸಿಕ್ಕಿದ್ದು ಇದೇ ಕಲಂ ಅಡಿ. ನಕ್ಷೆ ಕೊಡುವಾಗ ಗಿಡ ಇರುವ ಬಂಡೆಗೆ ಮಾತ್ರ ಗೆರೆ ಎಳೆಯಬೇಡಿ, ಮೇಲೆ ಹೇಳಿದ 500 ಮೀಟರ್ ಸುತ್ತನ್ನೂ ಸರ್ವೆ ನಂಬರ್ ಸಮೇತ ಸೇರಿಸಿ.